‘ಡಾರ್ಕ್ ಹಾರ್ಸ್’ ಅಂದದ್ದು ಬಣ್ಣಕ್ಕಲ್ಲ

ಪ್ರಶ್ನೆ: ನಾನು ಮೂಡುಬಿದಿರೆ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಈಗ ಮಂಗಳೂರಿನ ಕಂಪನಿಯೊಂದರಲ್ಲಿ ಕೆಲಸ. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ತಂಡದ ಜತೆ ದಿನಾ ಕಾಲ್ ಇರುತ್ತದೆ. ಮೊನ್ನೆ ನನ್ನ ಡೆಮೊ ನೋಡಿದ ಅಲ್ಲಿನ ಮ್ಯಾನೇಜರ್ ಎಲ್ಲರ ಎದುರು ‘ಯು ಆರ್ ಎ ಡಾರ್ಕ್ ಹಾರ್ಸ್’ ಎಂದರು. ಎಲ್ಲರೂ ನಕ್ಕರು. ನನ್ನ ಬಣ್ಣಕ್ಕೆ ಹೇಳಿದರೋ ಎಂದು ರಾತ್ರಿಯಿಡೀ ನಿದ್ದೆ ಇಲ್ಲ. ಇನ್ನೊಬ್ಬ ಸಹೋದ್ಯೋಗಿಯನ್ನು ‘ಲೂಸ್ ಕ್ಯಾನನ್’ ಅಂದದ್ದೂ ಕಿವಿಗೆ ಬಿತ್ತು. ಜನರ ಸ್ವಭಾವ ಹೇಳುವ ಇನ್ನೂರು ಇಡಿಯಮ್‌ಗಳ ಪಟ್ಟಿ ಇಳಿಸಿಕೊಂಡು ಬಾಯಿಪಾಠ ಮಾಡುತ್ತಿದ್ದೇನೆ. ಇದರಿಂದ ಪ್ರಯೋಜನ ಉಂಟಾ? ಇಂಟರ್‌ವ್ಯೂನಲ್ಲಿ ನನ್ನ ಬಗ್ಗೆ ಹೇಳಲಿಕ್ಕೆ ಬಳಸಬಹುದಾ? ಇನ್ನೊಂದು ವಿಷಯ. ನಮ್ಮ ಆಫೀಸಿನ ಹಿರಿಯರೊಬ್ಬರು ನಿವೃತ್ತರಾಗುತ್ತಿದ್ದಾರೆ, ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಲೀಡ್ಸ್‌ನವರೂ ನೋಡುವ ಕಾರ್ಡಿಗೆ ‘ಹಿ ಈಸ್ ಎ ವೆರಿ ಸಿಂಪಲ್, ಇನೊಸೆಂಟ್ ಆ್ಯಂಡ್ ಹೋಮ್ಲಿ ಪರ್ಸನ್’ ಎಂದು ಬರೆದಿಟ್ಟಿದ್ದೇನೆ. ಸರಿ ಉಂಟಲ್ಲ?

ಉತ್ತರ: ಮೊದಲು ನಿದ್ದೆಯ ವಿಷಯ ಮುಗಿಸುವ. ಡಾರ್ಕ್ ಹಾರ್ಸ್‌ಗೂ ಮೈಬಣ್ಣಕ್ಕೂ ಸಂಬಂಧವೇ ಇಲ್ಲ. ಇಲ್ಲಿ ‘ಡಾರ್ಕ್’ ಅಂದರೆ ಗುಟ್ಟು, ಯಾರಿಗೂ ಗೊತ್ತಿಲ್ಲದ್ದು. ಮಾತು ಹುಟ್ಟಿದ್ದು ಕುದುರೆ ರೇಸಿನಲ್ಲಿ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಬೆಂಜಮಿನ್ ಡಿಸ್ರೇಲಿ 1831ರ ತನ್ನ ಒಂದು ಕಾದಂಬರಿಯಲ್ಲಿ ಇಂಥ ರೇಸನ್ನು ಬರೆದಿದ್ದಾನೆ. ಜನ ಹಣ ಕಟ್ಟಿದ ಕುದುರೆಗಳೆಲ್ಲ ಹಿಂದೆ ಬೀಳುತ್ತವೆ, ಯಾರ ಲೆಕ್ಕದಲ್ಲೂ ಇರದ ಒಂದು ಕುದುರೆ ಗೆದ್ದುಬಿಡುತ್ತದೆ. ಅಮೆರಿಕದವರು ಇದನ್ನು ರಾಜಕೀಯಕ್ಕೆ ಎಳೆದುಕೊಂಡರು. 1844ರಲ್ಲಿ ಯಾರೂ ಊಹಿಸದೆ ಪಕ್ಷದ ಅಭ್ಯರ್ಥಿಯಾಗಿ, ಅಧ್ಯಕ್ಷನೂ ಆದ ಜೇಮ್ಸ್ ಪೋಕ್ ಅಲ್ಲಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಬ್ರಿಟನ್ನಿನ ಮನೆ, ಆಫೀಸುಗಳ ಮಾತಿನಲ್ಲಿ ಅರ್ಥ ಸ್ವಲ್ಪ ಬೇರೆ: ‘ಇಷ್ಟೆಲ್ಲ ಬರುತ್ತದೆಂದು ನೀನು ಹೇಳಲೇ ಇಲ್ಲವಲ್ಲ!’ ನಿಮ್ಮ ಮ್ಯಾನೇಜರ್ ಹೇಳಿದ್ದು ಇದನ್ನೇ. ಅವರು ನಕ್ಕದ್ದು ಖುಷಿಗೆ.

ನಮ್ಮಲ್ಲಿ ಹತ್ತಿರದ್ದು ‘ಎಲೆಮರೆಯ ಕಾಯಿ’. ಎರಡಕ್ಕೂ ವ್ಯತ್ಯಾಸ ಉಂಟು, ಅದು ನಿಮ್ಮ ಉಪಯೋಗಕ್ಕೂ ಬರುತ್ತದೆ. ಎಲೆಮರೆಯ ಕಾಯಿ ಎಂದಾಗ ಮರುಕ ಕಾಯಿಯ ಮೇಲೆ, ತಪ್ಪು ಗಮನಿಸದ ಲೋಕದ್ದು. ಡಾರ್ಕ್ ಹಾರ್ಸ್ ಎಂದಾಗ ಅಡಗಿಸಿಟ್ಟದ್ದು ನೀವೇ! ಹೊಗಳಿಕೆಯ ಜತೆ ಒಂದು ಸಣ್ಣ ಚಿವುಟು ಇದೆ ಅದರಲ್ಲಿ. ಕಾಲ್‌ಗಳಲ್ಲಿ ನೀವು ಬಾಯಿ ಬಿಡುವುದು ಕಮ್ಮಿ ಎಂದು ಅವರಿಗೆ ಅನಿಸಿರಬಹುದು. ಇನ್ನೊಮ್ಮೆ ಹೇಳಿದರೆ ನಕ್ಕು ‘ಥ್ಯಾಂಕ್ ಯು’ ಅನ್ನಿ, ಸಾಕು.

‘ಲೂಸ್ ಕ್ಯಾನನ್’ ಹಾಗಲ್ಲ, ಅದು ಗಂಭೀರ ಮಾತು. ಹಿಂದಿನ ಯುದ್ಧನೌಕೆಗಳಲ್ಲಿ ಫಿರಂಗಿಗಳನ್ನು ಚಕ್ರದ ಗಾಡಿಯ ಮೇಲೆ ಕೂರಿಸುತ್ತಿದ್ದರು, ಸಿಡಿದ ಹೊಡೆತಕ್ಕೆ ಅವು ಹಿಂದೆ ಸರಿಯಬೇಕಲ್ಲ. ಹಾಗಾಗಿ ದಪ್ಪ ಹಗ್ಗದಲ್ಲಿ ಬಿಗಿದು ಕಟ್ಟುವುದು. ಬಿರುಗಾಳಿಯಲ್ಲಿ ಆ ಹಗ್ಗ ತುಂಡಾದರೆ ಟನ್‌ಗಟ್ಟಲೆ ಕಬ್ಬಿಣ ಹಡಗು ವಾಲಿದ ಕಡೆಗೆಲ್ಲ ಉರುಳುತ್ತದೆ. ಬಂದರಿನಲ್ಲಿ, ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡುವವರಿಗೆ ಇದನ್ನು ವಿವರಿಸುವುದೇ ಬೇಡ. ಕಟ್ಟದೆ ಬಿಟ್ಟ ಭಾರದ ಸಾಮಾನು ಕಡಲು ಎದ್ದಾಗ ಏನು ಮಾಡುತ್ತದೆಂದು ಅವರು ಬಲ್ಲರು. ಸಾಯುವುದು ಶತ್ರುಗಳಲ್ಲ, ಅದೇ ಹಡಗಿನ ನಾವಿಕರು. ಈ ಪದದ ತಿರುಳೂ ಅಲ್ಲೇ ಇರುವುದು. ಬರೀ ಸಿಟ್ಟಿನವನನ್ನು, ಬಾಯಿಬಡುಕನನ್ನು ಹೀಗೆ ಕರೆಯುವುದಿಲ್ಲ. ಯಾವಾಗ ಏನು ಮಾಡಿ ತನ್ನ ಕಡೆಯವರಿಗೇ ಪೆಟ್ಟು ಕೊಡುತ್ತಾನೋ ಹೇಳಲಾಗದಂಥವನಿಗೆ ಈ ಮಾತು. ಆ ಸಹೋದ್ಯೋಗಿಗೆ ನೀವು ಇದನ್ನು ದಾಟಿಸಬೇಡಿ, ನೀವಾಗಿ ಬಳಸಲೂ ಬೇಡಿ. ಮೈಲ್‌ನಲ್ಲಂತೂ ಬೇಡವೇ ಬೇಡ.

ಈಗ ನಿಮ್ಮ ಪಟ್ಟಿ. ನಾನು ಮಂಗಳೂರಿನಲ್ಲೇ ಇಂಗ್ಲಿಷ್ ಪಾಠ ಮಾಡಿಕೊಂಡು ಬಂದವನು, ಇಂಥ ಪಟ್ಟಿಗಳನ್ನು ವಿದ್ಯಾರ್ಥಿಗಳ ಕೈಯಲ್ಲಿ ನೋಡಿ ನೋಡಿ ಸಾಕಾಗಿದೆ. ತಪ್ಪು ಅರ್ಥ ಕೊಡುತ್ತವೆ ಎಂದು ನನ್ನ ದೂರಲ್ಲ. ಅರ್ಥ ಹೆಚ್ಚಾಗಿ ಸರಿಯೇ ಇರುತ್ತದೆ. ಆ ಮಾತನ್ನು ಯಾರು ಯಾರಿಗೆ ಹೇಳಬಹುದು, ಮುಖಕ್ಕೋ ಬೆನ್ನ ಹಿಂದೆಯೋ, ತಮಾಷೆಗೋ ನಿಜಕ್ಕೋ ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ. ಒಬ್ಬರ ಗುಣ ಹೇಳುವ ಮಾತಿಗೆ ಅದಿಲ್ಲದೆ ಆಗುವುದಿಲ್ಲ. ‘ಬಾಯಿ ಜೋರು’ ಎಂದು ಅಜ್ಜಿ ಮೊಮ್ಮಗಳಿಗೆ ಹೇಳಿದರೆ ಮುದ್ದು, ಹೆಣ್ಣು ನೋಡಲು ಬಂದವರು ಹೊರಡುವಾಗ ಹೇಳಿದರೆ ಸಂಬಂಧ ಮುರಿಯಿತು ಎಂದೇ ಲೆಕ್ಕ. ಕನ್ನಡದಲ್ಲಿ ಇದನ್ನು ಯಾರೂ ನಿಮಗೆ ಕಲಿಸಲಿಲ್ಲ, ಕೇಳಿ ಕೇಳಿ ಬಂತು. ಇಂಗ್ಲಿಷಿನಲ್ಲಿ ಕೇಳುವ ಮೊದಲೇ ಆಡಲು ಹೊರಟರೆ ಕಷ್ಟ.

ಒಂದು ಉದಾಹರಣೆಯನ್ನೇ ಬಿಡಿಸಿ ನೋಡುವ. ಶುಕ್ರವಾರ ಸಂಜೆ ಪಣಂಬೂರು ಬೀಚಿಗೆ ಹೋಗಿ, ಬರುವಾಗ ಗಡ್‌ಬಡ್ ಐಸ್‌ಕ್ರೀಮ್ ತಿಂದು ಬರುವ ಎಂದು ಆಫೀಸಿನವರು ಮಾತಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಒಬ್ಬರು ಮಳೆ ಬರಬಹುದು, ಪಾರ್ಕಿಂಗ್ ಸಿಗಲಿಕ್ಕಿಲ್ಲ, ನಾಳೆ ಬೇಗ ಏಳಬೇಕು ಎಂದು ಶುರು ಮಾಡುತ್ತಾರೆ. ಎಲ್ಲರ ಉಮೇದು ಇಳಿದುಹೋಗುತ್ತದೆ. ಇವರು ‘ವೆಟ್ ಬ್ಲಾಂಕೆಟ್’. ಬೆಂಕಿ ನಂದಿಸಲು ನೀರಿನಲ್ಲಿ ಅದ್ದಿದ ಕಂಬಳಿ ಹೊದಿಸುತ್ತಿದ್ದರು, ಅದರಿಂದ ಬಂದದ್ದು. ‘ಡೋಂಟ್ ಬಿ ಎ ವೆಟ್ ಬ್ಲಾಂಕೆಟ್’ ಎಂದು ಗೆಳತಿ ಭುಜ ತಟ್ಟಿ ಹೇಳಿದರೆ ಅದು ಆ ಗಳಿಗೆಯ ಮಾತು, ‘ಬಾ ಮಾರಾಯ್ತಿ, ಹೋಗುವ’ ಎಂದ ಹಾಗೆ. ಅದನ್ನೇ ‘ಶಿ ಈಸ್ ಎ ವೆಟ್ ಬ್ಲಾಂಕೆಟ್’ ಎಂದು ತಿರುಗಿಸಿ ನೋಡಿ. ಈಗ ಅದು ಅವರ ಜಾತಕ. ಇವರು ಯಾವಾಗಲೂ ಹೀಗೆ, ಮುಂದೆಯೂ ಹೀಗೆ ಎಂದು ಮೊಳೆ ಹೊಡೆದ ಹಾಗಾಯಿತು. ಬಹಳಷ್ಟು ಇಡಿಯಮ್‌ಗಳು ಹೀಗೇ ನಡೆಯುತ್ತವೆ. ‘ಡೋಂಟ್ ಬಿ’ ಎಂದು ಶುರುವಾದರೆ ಸಲಿಗೆ, ‘ಹಿ ಈಸ್’ ಎಂದು ಶುರುವಾದರೆ ತೀರ್ಪು.

ನಡುವೆ ಬ್ರಿಟಿಷರ ಇನ್ನೊಂದು ಚಾಳಿ: ‘ಎ ಬಿಟ್ ಆಫ್ ಎ’. ‘ಹಿ ಈಸ್ ಎ ಬಿಟ್ ಆಫ್ ಎ ಕಂಟ್ರೋಲ್ ಫ್ರೀಕ್’ ಎಂದರೆ ‘ಸ್ವಲ್ಪ’ ಎಂದು ನೀವು ಅರ್ಥ ಮಾಡಿಕೊಳ್ಳಬಹುದು. ಸ್ವಲ್ಪ ಅಲ್ಲ, ಸಾಕಷ್ಟೇ. ಎಲ್ಲವೂ ತಾನು ಹೇಳಿದ ಹಾಗೇ ಆಗಬೇಕು ಎನ್ನುವ ಮನುಷ್ಯ ಎಂದು ಪೂರ್ತಿ ಹೇಳಿ, ಮೇಲೊಂದು ಮರ್ಯಾದೆಯ ಹೊದಿಕೆ ಹಾಕಿದ್ದಾರೆ, ಅಷ್ಟೆ. ಲೀಡ್ಸ್‌ನವರ ಬಾಯಲ್ಲಿ ಈ ನಾಲ್ಕು ಸಣ್ಣ ಶಬ್ದ ಕೇಳಿದಾಗ ಕಿವಿ ನಿಮಿರಿಸಿ. ಅದರ ಹಿಂದೆ ಬರುವ ಶಬ್ದವೇ ಅವರ ನಿಜವಾದ ಅಭಿಪ್ರಾಯ.

ಪ್ರಾಣಿಪಕ್ಷಿಗಳ ವಿಷಯದಲ್ಲಿ ನಮ್ಮವರು ಎಡವುವುದು ಜಾಸ್ತಿ. ‘ನೈಟ್ ಔಲ್’ ಎಂದರೆ ರಾತ್ರಿ ತಡವಾಗಿ ಎಚ್ಚರ ಇರುವವರು, ಅಷ್ಟೇ. ಆದರೆ ನಮಗೆ ಗೂಬೆ ಎಂದರೆ ಅಪಶಕುನ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ‘ಗೂಬೆ ಕೂರಿಸುವುದು’ ಎನ್ನುವವರು ನಾವು! ಇಂಗ್ಲಿಷರ ಗೂಬೆ ಕೆಲವೊಮ್ಮೆ ಜಾಣ ಹಕ್ಕಿ ಕೂಡ. ‘ಅಂಡರ್‌ಡಾಗ್’, ಅಂದರೆ ಗೆಲ್ಲಲಿಕ್ಕಿಲ್ಲ ಎಂದು ಎಲ್ಲರೂ ಎಣಿಸಿದ ತಂಡದ ಮೇಲೆ ಎಲ್ಲರಿಗೂ ಪ್ರೀತಿ, ‘ಟಾಪ್ ಡಾಗ್’ ಎಂದರೆ ಎಲ್ಲರಿಗಿಂತ ಮೇಲಿನವನು. ಯಾರನ್ನೂ ನಾಯಿ ಎಂದು ಬೈದದ್ದಲ್ಲ. ‘ಈಗರ್ ಬೀವರ್’ ಎಂದು ಯಾರಾದರೂ ಅಂದರೆ ಮಾತ್ರ ಪೂರ್ತಿ ಹಿಗ್ಗಬೇಡಿ. ಬೀವರ್ ಎಂಬ ಪ್ರಾಣಿ ಹೊಳೆಗೆ ಅಡ್ಡ ಕಟ್ಟೆ ಕಟ್ಟುವುದರಲ್ಲಿ ಸದಾ ಮಗ್ನ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಮೇಲಿನವರನ್ನು ಮೆಚ್ಚಿಸಲು ಮೈಮುರಿಯುವವನಿಗೆ ಈ ಹೆಸರು ಹಚ್ಚಿ ಗೇಲಿ ಮಾಡುತ್ತಿದ್ದರು. ಆ ಗೇಲಿ ಇನ್ನೂ ಪೂರ್ತಿ ಆರಿಲ್ಲ.

‘ಕೌಚ್ ಪೊಟೇಟೊ’ ನಿಮಗೆ ಗೊತ್ತಿರುತ್ತದೆ, ಟೀವಿ ಮುಂದೆ ಸೋಫಾದಿಂದ ಏಳದವರು. 1970ರ ದಶಕದ ಅಮೆರಿಕದ ಸೃಷ್ಟಿ. 2005ರಲ್ಲಿ ಬ್ರಿಟನ್ನಿನ ಬಟಾಟೆ ಬೆಳೆಗಾರರು ಈ ಶಬ್ದದಿಂದ ತಮ್ಮ ಬೆಳೆಯ ಮಾನ ಹೋಗುತ್ತದೆ, ಆಕ್ಸ್‌ಫರ್ಡ್ ನಿಘಂಟಿನಿಂದ ತೆಗೆಯಿರಿ ಎಂದು ಲಂಡನ್ನಿನಲ್ಲಿ ಪ್ರತಿಭಟನೆಯನ್ನೇ ಮಾಡಿದರು. ಶಬ್ದ ಈಗಲೂ ಅಲ್ಲೇ ಉಂಟು.

ಒಂದು ಇಡೀ ಜಾತಿಯ ಮಾತುಗಳು ಕಥೆಗಳಿಂದ ಬಂದವು. ಇವು ನಿಮಗೆ ಸುಲಭವಾಗಬೇಕು. ಯಕ್ಷಗಾನದ ಆಟ, ತಾಳಮದ್ದಳೆ ನೋಡಿ ಬೆಳೆದ ನಮ್ಮ ಜಿಲ್ಲೆಯಲ್ಲಿ ಸಿಟ್ಟಿನವನಿಗೆ ದೂರ್ವಾಸ, ಅಲ್ಲಿಂದಿಲ್ಲಿಗೆ ಸುದ್ದಿ ಮುಟ್ಟಿಸುವವನಿಗೆ ನಾರದ, ಮನೆಯೊಳಗೆ ಶೂರನಾಗಿ ರಣರಂಗದಲ್ಲಿ ನಡುಗುವವನಿಗೆ ಉತ್ತರಕುಮಾರ ಎಂದು ಹೆಸರಿಡುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಇಂಗ್ಲಿಷರಿಗೆ ಆ ಉಗ್ರಾಣ ಬೈಬಲ್. ಕಣ್ಣಾರೆ ಕಂಡು ಕೈಯಾರೆ ಮುಟ್ಟಿದ ಹೊರತು ನಂಬದವನು ‘ಡೌಟಿಂಗ್ ಥಾಮಸ್’, ಗುರುತಿಲ್ಲದವರಿಗೆ ದಾರಿಯಲ್ಲಿ ನೆರವಾದವನು ‘ಗುಡ್ ಸಮಾರಿಟನ್’. ನಿಮ್ಮ ಕ್ರೈಸ್ತ ಗೆಳತಿಯರನ್ನು ಕೇಳಿ, ಎರಡೂ ಕಥೆಗಳನ್ನು ಕನ್ನಡದಲ್ಲೋ ಕೊಂಕಣಿಯಲ್ಲೋ ಚಂದ ಮಾಡಿ ಹೇಳಿಯಾರು. ಜಿಪುಣನಿಗೆ ‘ಸ್ಕ್ರೂಜ್’ ಎನ್ನುವುದು 1843ರಲ್ಲಿ ಚಾರ್ಲ್ಸ್ ಡಿಕನ್ಸ್ ಬರೆದ ಕ್ರಿಸ್‌ಮಸ್ ಕಥೆಯ ಪಾತ್ರದಿಂದ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ನಾವು ಹೇಳುವ ಗಿರಾಕಿಯೇ ಅವನು. ಹಾಗೆಂದು ಆ ಕಾಗೆಯನ್ನೂ ಎಂಜಲು ಕೈಯನ್ನೂ ಇಂಗ್ಲಿಷಿಗೆ ಹೊತ್ತುಕೊಂಡು ಹೋಗಬೇಡಿ, ಎಂಜಲು ಎಂಬ ಕಲ್ಪನೆಯೇ ಅವರಲ್ಲಿಲ್ಲ. ಚಾಡಿ ನಂಬುವವನ ‘ಹಿತ್ತಾಳೆ ಕಿವಿ’ಯೂ ಅಲ್ಲಿ ಹಿತ್ತಾಳೆಯಾಗಿಯೇ ಉಳಿಯುತ್ತದೆ. ‘ಎಮ್ಮೆ ಚರ್ಮ’ ಮಾತ್ರ ಎಮ್ಮೆಯನ್ನು ಬಿಟ್ಟು ದಾಟುತ್ತದೆ, ಅವರು ‘ಥಿಕ್ ಸ್ಕಿನ್ಡ್’ ಎನ್ನುತ್ತಾರೆ. ಆದರೆ ಅವರ ದಪ್ಪ ಚರ್ಮಕ್ಕೆ ಕೆಲವೊಮ್ಮೆ ಮೆಚ್ಚುಗೆಯೂ ಸಿಗುತ್ತದೆ. ಟೀಕೆಗೆ ಕುಗ್ಗದವರು ಎಂದು.

ಪಟ್ಟಿಯಲ್ಲಿ ‘ಬಿಗ್ ಚೀಸ್’ ಕೂಡ ಇರಬೇಕು. ದೊಡ್ಡ ಕುಳ, ಅಂದರೆ ಆಫೀಸಿನ ಮೇಲಿನ ಮಹಡಿಯವರು. ತಿನ್ನುವ ಚೀಸಿಗೂ ದೊಡ್ಡಸ್ತಿಕೆಗೂ ಏನು ಸಂಬಂಧ ಎಂದು ತಲೆ ಕೆರೆದುಕೊಳ್ಳುವವರಿಗೆ ಭಾರತದಲ್ಲಿದ್ದ ಇಂಗ್ಲಿಷರ ಮಾತಿನಲ್ಲಿ ಸೇರಿಕೊಂಡ ಶಬ್ದಗಳ 1886ರ ನಿಘಂಟು ಹಾಬ್ಸನ್-ಜಾಬ್ಸನ್ ಒಂದು ಉತ್ತರ ಕೊಡುತ್ತದೆ. ಒಳ್ಳೆಯದಕ್ಕೆ, ಅಸಲಿಯಾದದ್ದಕ್ಕೆ ಇಂಗ್ಲಿಷರು ‘ಚೀಸ್’ ಎನ್ನುತ್ತಿದ್ದುದು ಬಹುಶಃ ನಮ್ಮ ಕಡೆಯ ‘ಚೀಜ್’, ಅಂದರೆ ವಸ್ತು ಎಂಬ ಪರ್ಶಿಯನ್, ಹಿಂದುಸ್ತಾನಿ ಶಬ್ದದಿಂದ ಎಂದು ಅದು ಹೇಳುತ್ತದೆ. ಅದನ್ನು ಬರೆದ ಇಬ್ಬರಲ್ಲಿ ಎ. ಸಿ. ಬರ್ನೆಲ್ ಒಬ್ಬರು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವರು ಬರೆದ ಪುಸ್ತಕ 1874ರಲ್ಲಿ ಅಚ್ಚಾದದ್ದು ಇಲ್ಲಿಯ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ. ತುಳುನಾಡಿನ ಭೂತಾರಾಧನೆಯ ಬಗೆಗೂ ದೊಡ್ಡ ಸಂಗ್ರಹ ಮಾಡಿದ್ದರು. ಟೀವಿಯಲ್ಲಿ ಚುನಾವಣೆಯ ಭವಿಷ್ಯ ಹೇಳುವವರನ್ನು ಇಂಗ್ಲಿಷರು ‘ಪಂಡಿಟ್’ ಎನ್ನುವಾಗ, ರೌಡಿಯನ್ನು ‘ಥಗ್’ ಎನ್ನುವಾಗ, ನಮ್ಮ ಪಂಡಿತ, ಠಕ್ಕರೇ ಅಲ್ಲಿಗೆ ಹೋಗಿ ಕೂತದ್ದು. ‘ಪರಾಯ’ ಎಂದು ಉಚ್ಚರಿಸುವ ಒಂದು ಶಬ್ದವೂ ಹೀಗೆ ಹೋಗಿದೆ, ಸಮಾಜ ದೂರವಿಟ್ಟವನು ಎಂಬ ಅರ್ಥದಲ್ಲಿ. ಅದು ಒಂದು ಸಮುದಾಯದ ಹೆಸರು. ಲೀಡ್ಸ್‌ನವರು ತಿಳಿಯದೆ ಹೇಳಿಯಾರು, ನಮ್ಮ ಬಾಯಲ್ಲಿ ಅದು ಬರಬಾರದು.

ಇನ್ನು ಆ ಕಾರ್ಡ್. ಒಳ್ಳೆಯದಾಯಿತು, ಕೊಡುವ ಮೊದಲು ಕೇಳಿದಿರಿ. ನಿಮ್ಮ ಮನಸ್ಸಿನಲ್ಲಿದ್ದದ್ದು ನನಗೆ ಗೊತ್ತು: ‘ಪಾಪದವರು’. ಘಟ್ಟದ ಮೇಲಿನವರು ಈ ಮಾತು ಕೇಳಿದರೆ ಪಾಪ ಮಾಡಿದವರೋ ಎಂದು ಗಾಬರಿಯಾದಾರು. ನಮಗೆ ಅದು ತುಳುವಿನ ‘ಪಾಪದಾಯೆ’. ಯಾರ ತಂಟೆಗೂ ಹೋಗದ, ಎದುರು ಮಾತಾಡದ, ಕಪಟ ಗೊತ್ತಿಲ್ಲದ ಜೀವ. ಇಷ್ಟನ್ನೂ ಒಂದೇ ಶಬ್ದದಲ್ಲಿ ಹೇಳಬಲ್ಲೆವು ನಾವು. ಇಂಗ್ಲಿಷಿಗೆ ಹೋದಾಗ ಅದನ್ನು ‘ಇನೊಸೆಂಟ್’, ‘ಸಿಂಪಲ್’ ಎಂದು ಒಡೆದು ಹಾಕುತ್ತೇವೆ, ಎಡವಟ್ಟು ಆಗುವುದು ಅಲ್ಲೇ. ದೊಡ್ಡವರನ್ನು ‘ಇನೊಸೆಂಟ್’ ಎಂದರೆ ಯಾವುದೋ ಕೇಸಿನಲ್ಲಿ ನಿರಪರಾಧಿ ಎಂದೋ, ಲೋಕಜ್ಞಾನ ಇಲ್ಲದವರು ಎಂದೋ ಕೇಳಿಸುತ್ತದೆ. ‘ಸಿಂಪಲ್’ ಇನ್ನೂ ಅಪಾಯ. ನಮಗೆ ಅದು ಆಡಂಬರ ಇಲ್ಲದ ಸರಳತೆ. ಅಲ್ಲಿಯವರ ಹಳೆಯ ಬಳಕೆಯಲ್ಲಿ ಒಬ್ಬ ಮನುಷ್ಯ ‘ಸಿಂಪಲ್’ ಎಂದರೆ ಬುದ್ಧಿ ಮಂದ, ಆ ನೆರಳು ಈಗಲೂ ಹೋಗಿಲ್ಲ. ‘ಹೋಮ್ಲಿ’ ನಮ್ಮ ಮದುವೆ ಜಾಹೀರಾತುಗಳ ಮುದ್ದಿನ ಶಬ್ದ. ಅಮೆರಿಕದಲ್ಲಿ ಒಬ್ಬ ಮನುಷ್ಯನಿಗೆ ಅದನ್ನು ಹೇಳಿದರೆ ನೋಡಲು ಚಂದ ಇಲ್ಲ ಎಂದು ಮುಖಕ್ಕೇ ಹೇಳಿದಂತೆ. ಬ್ರಿಟನ್ನಿನಲ್ಲಿ ಅಷ್ಟು ಕೆಟ್ಟದಲ್ಲ, ಬೆಚ್ಚಗಿನ ಮನೆಯ ವಾತಾವರಣಕ್ಕೆ ಸಲ್ಲುತ್ತದೆ. ಆದರೂ ನಿವೃತ್ತರಾಗುವ ಗಂಡಸಿನ ಕಾರ್ಡಿಗೆ ಒಗ್ಗುವುದಿಲ್ಲ. ಇದೇ ಸಾಲಿಗೆ ‘ಸಿನ್ಸಿಯರ್’ ಅನ್ನೂ ಸೇರಿಸಿಕೊಳ್ಳಿ. ನಮ್ಮ ಶಾಲೆಗಳಲ್ಲಿ ಅದು ದಿನಾ ಹೋಂವರ್ಕ್ ಮಾಡುವ ಮಗು. ಅವರಿಗೆ ಮನಸ್ಸಿನಲ್ಲಿದ್ದದ್ದನ್ನೇ ಆಡುವವರು, ಕೆಲಸಕ್ಕೆ ಕಳ್ಳ ಬಿದ್ದರೂ ನಡೆಯುತ್ತದೆ.

ಪಾಪದವರಿಗೆ ಹತ್ತಿರ ಹೋಗುವ ಶಬ್ದಗಳು ‘ಜೆಂಟ್ಲ್’ (ಮೃದು ಸ್ವಭಾವದವರು), ‘ಅನಸ್ಯೂಮಿಂಗ್’ (ದೊಡ್ಡಸ್ತಿಕೆ ತೋರಿಸದವರು). ಇಡಿಯಮ್ ಬೇಕೇ ಬೇಕು ಎಂದಾದರೆ ‘ವುಡಂಟ್ ಹರ್ಟ್ ಎ ಫ್ಲೈ’ ಉಂಟು, ಇರುವೆಯನ್ನೂ ನೋಯಿಸದವರು. ‘ಹಾರ್ಟ್ ಆಫ್ ಗೋಲ್ಡ್’ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಅದನ್ನು ಹೆಚ್ಚಾಗಿ ‘ಆದರೆ’ಯ ನಂತರ ಹೇಳುತ್ತಾರೆ: ಬೊಬ್ಬೆ ಹಾಕುತ್ತಾರೆ, ಆದರೆ ಮನಸ್ಸು ಬಂಗಾರ. ನಿಮ್ಮ ಅಣ್ಣ ಬೊಬ್ಬೆ ಹಾಕುವವರಲ್ಲವಲ್ಲ. ನಿಮ್ಮ ಪಟ್ಟಿ ‘ಸಾಲ್ಟ್ ಆಫ್ ದಿ ಅರ್ತ್’ ಅನ್ನು ಸೂಚಿಸಬಹುದು. ‘ನೀವು ಭೂಮಿಗೆ ಉಪ್ಪಾಗಿದ್ದೀರಿ’ ಎಂಬ ಯೇಸುವಿನ ಮಾತು ಅದು, ದೊಡ್ಡ ಹೊಗಳಿಕೆ. ಕನ್ನಡದ ಉಪ್ಪಿನ ಋಣಕ್ಕೂ ಇದಕ್ಕೂ ಗಂಟು ಹಾಕಬೇಡಿ, ನಮ್ಮದು ನಿಷ್ಠೆ, ಅವರದು ಸಜ್ಜನಿಕೆ. ಇದನ್ನು ಉಳ್ಳವರು ದುಡಿಯುವ ಜನರ ಬಗ್ಗೆ ಹೇಳಿ ಹೇಳಿ ಈಗ ಸ್ವಲ್ಪ ಮೇಲಿನಿಂದ ಬೆನ್ನು ತಟ್ಟಿದ ಹಾಗೆ ಕೇಳಿಸುವುದೂ ಇದೆ. ವಯಸ್ಸಿನಲ್ಲಿ ನಿಮಗಿಂತ ಹಿರಿಯರಿಗೆ ಬೇಡ ಎಂದೇ ನನ್ನ ಅಭಿಪ್ರಾಯ.

ನಾನಾದರೆ ಕಾರ್ಡಿನಲ್ಲಿ ಇಡಿಯಮ್ ಹಾಕುವುದೇ ಇಲ್ಲ. ‘ಹಿ ಈಸ್’ ಎಂಬುದನ್ನು ತೆಗೆದು ‘ಯು’ ಎಂದು ಅವರಿಗೇ ಬರೆಯಿರಿ, ಅವರ ಒಂದು ಅಭ್ಯಾಸ ಹೇಳಿ. ಮಳೆ ಬಂದ ದಿನ ಬಸ್‌ಸ್ಟಾಪಿನವರೆಗೆ ಕೊಡೆ ಹಿಡಿದು ಬರುತ್ತಿದ್ದರೋ, ಹೊಸಬರಿಗೆ ಮೊದಲ ದಿನ ಚಾ ತಂದುಕೊಡುತ್ತಿದ್ದರೋ, ಯಾವುದು ಇತ್ತೋ ಅದು. ಲೀಡ್ಸ್‌ನಲ್ಲಿ ಕೂತು ಓದುವವರಿಗೂ ಮನುಷ್ಯ ಕಣ್ಣೆದುರು ಬರುತ್ತಾರೆ.

ಇಂಟರ್‌ವ್ಯೂನಲ್ಲಿಯೂ ಹಾಗೆಯೇ. ತನ್ನನ್ನು ತಾನೇ ಡಾರ್ಕ್ ಹಾರ್ಸ್, ಹಾರ್ಟ್ ಆಫ್ ಗೋಲ್ಡ್ ಎಂದುಕೊಳ್ಳುವುದು ತನ್ನ ಮದುವೆಗೆ ತಾನೇ ದಲ್ಲಾಳಿಯಾದ ಹಾಗೆ. ಸ್ವಂತಕ್ಕೆ ಹೇಳಿಕೊಳ್ಳಬಹುದಾದವು ಸಪ್ಪೆ ಮಾತುಗಳೇ: ‘ಐ ಆ್ಯಮ್ ಮೋರ್ ಆಫ್ ಎ ಮಾರ್ನಿಂಗ್ ಪರ್ಸನ್’, ಅಂದರೆ ಬೆಳಿಗ್ಗೆ ಕೆಲಸ ಚೆನ್ನಾಗಿ ಓಡುತ್ತದೆ. ‘ಐ ಆ್ಯಮ್ ನಾಟ್ ಮಚ್ ಆಫ್ ಎ ಟಾಕರ್’, ಮಾತು ಕಮ್ಮಿ. ಇದರ ಹಿಂದೆಯೇ ‘ಬಟ್’ ಹಾಕಿ, ಮಾಡಿ ಮುಗಿಸಿದ ಒಂದು ಕೆಲಸ ಹೇಳಿ. ಡೆಮೊ ಈಗಷ್ಟೇ ಮಾಡಿದ್ದೀರಲ್ಲ, ಅದನ್ನೇ ಹೇಳಬಹುದು.

ಬಾಯಿಪಾಠ ನಿಲ್ಲಿಸಿ, ಒಂದು ನೋಟ್‌ಬುಕ್ ಇಡಿ. ಕಾಲ್‌ನಲ್ಲಿ ಯಾರಾದರೂ ಇಂಥ ಮಾತು ಆಡಿದರೆ ಇಡೀ ವಾಕ್ಯ ಬರೆದುಕೊಳ್ಳಿ: ಯಾರು, ಯಾರ ಬಗ್ಗೆ, ಆ ಮನುಷ್ಯ ಎದುರಿಗಿದ್ದರೋ ಇಲ್ಲವೋ, ಉಳಿದವರು ನಕ್ಕರೋ ಸುಮ್ಮನಾದರೋ. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಬಿಡಿಸಿದರೆ ಅರ್ಥದ ಬೆನ್ನಿಗೇ ಗಾದೆಗಳು ಸಿಗುತ್ತವೆ. ಜನ ಆಡಿದ್ದನ್ನು ಆಡಿದ ಹಾಗೆ ಹಿಡಿಯದೆ ಕನ್ನಡ ಬರುವುದಿಲ್ಲ ಎಂದು ಆ ಜರ್ಮನ್ ಪಾದ್ರಿಗೆ ಗೊತ್ತಿತ್ತು. ಆರ್ಟಿಕಲ್‌ಗಳು, ಅಂದರೆ ‘ಎ’ ಮತ್ತು ‘ದಿ’, ಇವನ್ನೂ ಬಿಡದೆ ಬರೆದುಕೊಳ್ಳಿ. ಯಾವ ಇಡಿಯಮ್ಮಿಗೆ ಯಾವುದು ಎಂಬುದು ಎಂದೋ ನಿಗದಿಯಾಗಿದೆ. ಕಂಬಳಿಯ ಬದಲು ಒದ್ದೆ ಬೆಡ್‌ಶೀಟ್ ಅಂದರೆ ಬಟ್ಟೆ ಒಗೆಯುವ ಸುದ್ದಿಯಾಗುತ್ತದೆ.

ಸಂಶಯ ಬಂದಾಗ ಕನ್ನಡ ಅರ್ಥ ಹುಡುಕುವ ಮೊದಲು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟನ್ನು ಮೊಬೈಲಿನಲ್ಲಿ ತೆರೆಯಿರಿ, ಆಕ್ಸ್‌ಫರ್ಡ್‌ನದ್ದೂ ಕೇಂಬ್ರಿಡ್ಜ್‌ನದ್ದೂ ಧರ್ಮಕ್ಕೆ ಸಿಗುತ್ತವೆ. ಆಕ್ಸ್‌ಫರ್ಡ್‌ನದ್ದರ ಮೂಲ, ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಜಪಾನಿನ ವಿದ್ಯಾರ್ಥಿಗಳಿಗಾಗಿ ಮಾಡಿ 1942ರಲ್ಲಿ ಟೋಕಿಯೋದಲ್ಲಿ ಹೊರತಂದದ್ದು. ನಿಮ್ಮಂತೆಯೇ ಇಂಗ್ಲಿಷನ್ನು ಹೊರಗಿನಿಂದ ಕಲಿಯುವವರಿಗಾಗಿ. ಇವುಗಳಲ್ಲಿ ಅರ್ಥಕ್ಕಿಂತ ಮೊದಲು ಸಣ್ಣ ಅಕ್ಷರದ ಒಂದು ಚೀಟಿ ಇರುತ್ತದೆ: ‘ಇನ್‌ಫಾರ್ಮಲ್’, ‘ಡಿಸ್‌ಅಪ್ರೂವಿಂಗ್’, ‘ಓಲ್ಡ್-ಫ್ಯಾಶನ್ಡ್’. ಮೊದಲನೆಯದು ಇದ್ದರೆ ಮೈಲ್‌ಗೆ ಬೇಡ, ಎರಡನೆಯದು ಇದ್ದರೆ ಯಾರ ಮುಖಕ್ಕೂ ಬೇಡ, ಮೂರನೆಯದು ಇದ್ದರೆ ಓದಿ ನಗಲಿಕ್ಕೆ ಮಾತ್ರ. ನಿಮ್ಮ ಇನ್ನೂರನ್ನು ಈ ಜರಡಿಯಲ್ಲಿ ಹಿಡಿಯಿರಿ. ಉಳಿದವುಗಳಲ್ಲಿ ಯಾವುದಾದರೂ ಕೈಕೊಟ್ಟರೆ ಇಡೀ ವಾಕ್ಯದೊಂದಿಗೆ ಬರೆದು ಕಳಿಸಿ.